ಸತ್ತ ಕುದುರೆಯ ಬಾಲಕ್ಕೂ ದುಡ್ಡು ಕೊಟ್ಟರಾ?

ಪ್ರಶ್ನೆ: "ನಾನು ಗಂಗಾವತಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಟೀಚರ್. ಹೋದ ಡಿಸೆಂಬರಿನಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಮಹಾನವಮಿ ದಿಬ್ಬದ ಹತ್ತಿರ ಗೈಡ್ ಕುದುರೆ ಕೆತ್ತನೆ ತೋರಿಸಿ ಮೂರು ಮಾತು ಹೇಳಿದರು. ರಾಜರು ವರ್ಷಕ್ಕೆ 13,000 ಅರಬ್ಬಿ ಕುದುರೆ ಕೊಳ್ಳುತ್ತಿದ್ದರಂತೆ. ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ದುಡ್ಡು ಕೊಡುತ್ತಿದ್ದರಂತೆ. ನಮ್ಮವರಿಗೆ ಕುದುರೆ ಸಾಕಲು ಬರುತ್ತಿರಲಿಲ್ಲವಂತೆ, ಲಾಳ ಹೊಡೆಯುವವರನ್ನು ಅರಬರು ಬೇಕಂತಲೇ ಕಳಿಸುತ್ತಿರಲಿಲ್ಲವಂತೆ, ಅದಕ್ಕೇ ಕುದುರೆಗಳು ಸಾಯುತ್ತಿದ್ದವಂತೆ. ಒಬ್ಬ ಹುಡುಗ ಕೇಳಿದ, 'ಮಿಸ್, ಅಷ್ಟು ಕುದುರೆ ಬಂದಿದ್ರೆ ಅವುಗಳ ಮೊಮ್ಮಕ್ಕಳು ಮರಿಮಕ್ಕಳು ಈಗ ಎಲ್ಲಿ?' ನನಗೆ ಉತ್ತರ ಹೊಳೆಯಲಿಲ್ಲ. ಈಗ ವಾರ್ಷಿಕೋತ್ಸವಕ್ಕೆ ಒಬ್ಬ ರಾವುತನ ನಾಟಕ ಬರೆಯುತ್ತಿದ್ದೇನೆ, 1520ರ ರಾಯಚೂರು ಯುದ್ಧದ ಕಾಲದ್ದು. ನನ್ನ ರಾವುತ ಇಪ್ಪತ್ತು ವರ್ಷದ ರೈತರ ಹುಡುಗ, ಬಿಳಿ ಅರಬ್ಬಿ ಕುದುರೆ ಹತ್ತಿ ಬರುತ್ತಾನೆ. ಇದು ಸರೀನಾ? ಮಕ್ಕಳಿಗೆ ಸುಳ್ಳು ಹೇಳಿಕೊಟ್ಟ ಹಾಗಾಗಬಾರದು ಅನ್ನೋದಷ್ಟೇ ನನ್ನ ಚಿಂತೆ."

ಟೀಚರ್, ಮೊದಲೇ ಹೇಳಿಬಿಡುತ್ತೇನೆ, ನಾನು ಇತಿಹಾಸ ಓದಿದವನಲ್ಲ. ಪಶುವೈದ್ಯ. ಅರ್ಧ ಸರ್ವೀಸು ಹಸು ಎಮ್ಮೆಗಳ ಜೊತೆ ಕಳೆಯಿತು, ಇನ್ನರ್ಧ ಕುದುರೆ ಲಾಯಗಳಲ್ಲಿ. ಹಾಗಾಗಿ ಹಳೆಯ ಪ್ರವಾಸಿಗಳು ನಮ್ಮ ಕಡೆಯ ಕುದುರೆಗಳ ಬಗ್ಗೆ ಬರೆದದ್ದನ್ನು ಓದುವಾಗ ನನ್ನ ಕಣ್ಣಿಗೆ ರಾಜರು ಬೀಳುವುದಿಲ್ಲ, ಪೇಷೆಂಟುಗಳೇ ಬೀಳುತ್ತವೆ. ಆ ಕಡೆಯಿಂದಲೇ ಉತ್ತರ ಹೇಳುತ್ತೇನೆ. ಗೈಡ್ ಪೂರ್ತಿ ಸುಳ್ಳು ಹೇಳಿಲ್ಲ, ಅದು ಮೊದಲು ತಿಳಿದಿರಲಿ. ಮೂರೂ ಮಾತಿಗೆ ಹಳೆಯ ಬರಹದ ಆಧಾರ ಇದೆ. ಆದರೆ ಮೂರರಲ್ಲೂ ಒಂದೊಂದು ಕಡೆ ಗಂಟು ಸಡಿಲ.

ಬಾಲದ ಕಥೆ ಕೇಳಿದವರೆಲ್ಲ ನಗುತ್ತಾರೆ, ಅದನ್ನೇ ಮೊದಲು ನೋಡೋಣ. ಇದನ್ನು ಬರೆದವನು ಫೆರ್ನಾವ್ ನೂನಿಜ್ ಅನ್ನುವ ಪೋರ್ಚುಗೀಸ್, ಸುಮಾರು 1535ರಲ್ಲಿ. ಅವನೇ ಕುದುರೆ ವ್ಯಾಪಾರಿ, ವಿಜಯನಗರದಲ್ಲಿ ಇದ್ದವನು. ವಿಜಯನಗರದ ದೊರೆ ಸಾಳುವ ನರಸಿಂಹ, ಅರಬ್ಬಿ ಸಮುದ್ರದಾಚೆಯ ಬಂದರುಗಳಾದ ಹರ್ಮುಜ್ ಮತ್ತು ಏಡನ್‌ನ ಕುದುರೆಗಳನ್ನು ಸಾವಿರ ವರಾಹಕ್ಕೆ ಮೂರರಂತೆ ಕೊಳ್ಳುತ್ತಿದ್ದ, ಬದುಕಿದ್ದರೂ ಸರಿ ಸತ್ತಿದ್ದರೂ ಸರಿ, ಸಮುದ್ರದಲ್ಲಿ ಸತ್ತದ್ದರ ಬಾಲ ತಂದರೆ ಸಾಕಿತ್ತು ಅನ್ನುತ್ತಾನೆ. ನರಸಿಂಹ ಆಳಿದ್ದು 1485ರಿಂದ 1491ರವರೆಗೆ. ಅಂದರೆ ನೂನಿಜ್ ಕಣ್ಣಾರೆ ಕಂಡದ್ದಲ್ಲ, ಯಾರೋ ಹೇಳಿದ್ದನ್ನು ಕೇಳಿ ಬರೆದದ್ದು. ಹಾಗಂತ ಗಾಳಿಮಾತು ಅಂತ ತಳ್ಳಿಹಾಕುವ ಹಾಗೂ ಇಲ್ಲ. ಅವನಿಗಿಂತ 200 ವರ್ಷ ಮೊದಲು ವಸ್ಸಾಫ್ ಅನ್ನುವ ಪಾರ್ಸಿ ಇತಿಹಾಸಕಾರ ಪಾಂಡ್ಯರ ನಾಡಿನ ಬಗ್ಗೆ ಹೆಚ್ಚುಕಮ್ಮಿ ಇದನ್ನೇ ಬರೆದಿದ್ದಾನೆ: ವರ್ಷಕ್ಕೆ 1,400 ಕುದುರೆ, ಒಂದಕ್ಕೆ 220 ಕೆಂಪು ಚಿನ್ನದ ದೀನಾರು, ದಾರಿಯಲ್ಲಿ ಸತ್ತದ್ದಕ್ಕೂ ದುಡ್ಡು. ಇಬ್ಬರೂ ಒಂದೇ ಮಾತು ಹೇಳುತ್ತಾರೆ ಅಂದರೆ ಅದು ಒಬ್ಬ ರಾಜನ ಹುಚ್ಚಲ್ಲ, ಆ ವ್ಯಾಪಾರದ ಪದ್ಧತಿ.

ಯಾಕೆ ಅಂಥ ಪದ್ಧತಿ? ನಿಮ್ಮೂರಿನಲ್ಲಿ ಹಸುಗೆ ವಿಮೆ ಮಾಡಿಸಿದವರನ್ನು ಕೇಳಿ. ಹಸುವಿನ ಕಿವಿಗೆ ಓಲೆ ಹಾಕಿರುತ್ತಾರಲ್ಲ, ಹಸು ಸತ್ತರೆ ಆ ಓಲೆ ತೋರಿಸಬೇಕು. ಓಲೆ ಇಲ್ಲ ಅಂದರೆ ದುಡ್ಡಿಲ್ಲ. ಎಷ್ಟೋ ಸಲ ಓಲೆಯ ಸಮೇತ ಕಿವಿಯನ್ನೇ ಕುಯ್ದು ತಂದುಕೊಟ್ಟಿದ್ದಾರೆ, ನಾನೇ ಸಹಿ ಹಾಕಿದ್ದೇನೆ. ಬಾಲವೂ ಅಷ್ಟೇ. ಅದು ವಿಮೆ. ಕುದುರೆ ಸತ್ತರೆ ನಷ್ಟ ನಿನಗೇ ಅಂತ ರಾಜ ಹೇಳಿದ್ದರೆ ಹರ್ಮುಜಿನ ವ್ಯಾಪಾರಿ ಹಡಗು ಬಿಡುತ್ತಲೇ ಇರಲಿಲ್ಲ, ಬಿಟ್ಟರೂ ಬಹಮನಿಗಳ ಬಂದರಿಗೆ ಬಿಡುತ್ತಿದ್ದ. ಆ ಕುದುರೆ ಶತ್ರುವಿನ ಲಾಯಕ್ಕೆ ಹೋದರೆ ಆಗುವ ನಷ್ಟದ ಮುಂದೆ ನಾಲ್ಕು ಬಾಲದ ದುಡ್ಡು ಏನೂ ಅಲ್ಲ. ಕೃಷ್ಣದೇವರಾಯ ತನ್ನ ಆಮುಕ್ತಮಾಲ್ಯದ ಅನ್ನುವ ತೆಲುಗು ಕಾವ್ಯದಲ್ಲಿ ಇದನ್ನೇ ನೇರವಾಗಿ ಹೇಳುತ್ತಾನೆ: ದೂರದೇಶದಿಂದ ಆನೆ ಕುದುರೆ ತರುವ ವ್ಯಾಪಾರಿಗಳಿಗೆ ಊರು ಕೊಡು, ಮನೆ ಕೊಡು, ಒಳ್ಳೆ ಲಾಭ ಕೊಡು, ಆಗ ಆ ಸರಕು ನಿನ್ನ ಶತ್ರುವಿಗೆ ಹೋಗುವುದಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದ ಮೇಲೆ ಈ ಆಟದ ಹಗ್ಗ ಅವರ ಕೈಗೆ ಹೋಯಿತು. 1547ರಲ್ಲಿ ವಿಜಯನಗರ ಅವರ ಜೊತೆ ಒಪ್ಪಂದ ಮಾಡಿಕೊಂಡು, ಗೋವೆಗೆ ಬಂದ ಕುದುರೆಗಳು ನಮಗೇ ಬರಬೇಕು, ಬಿಜಾಪುರದ ಆದಿಲಶಾಹಿಗೆ ಹೋಗಬಾರದು ಅಂತ ಬರೆಸಿಕೊಂಡಿತು.

ನಿಮ್ಮ ನಾಟಕಕ್ಕೆ ಹತ್ತಿರದ ಒಂದು ಕಥೆಯೂ ಇಲ್ಲೇ ಇದೆ. ನೂನಿಜ್ ಹೇಳುವ ಪ್ರಕಾರ ರಾಯಚೂರು ಯುದ್ಧಕ್ಕೆ ನೆಪವಾದದ್ದೇ ಕುದುರೆ ದುಡ್ಡು. ಕೃಷ್ಣದೇವರಾಯ ಒಬ್ಬ ವ್ಯಾಪಾರಿಯ ಕೈಗೆ 40,000 ವರಾಹ ಕೊಟ್ಟು ಗೋವೆಯಿಂದ ಕುದುರೆ ತಾ ಅಂತ ಕಳಿಸಿದ. ಅವನು ದುಡ್ಡಿನ ಸಮೇತ ಆದಿಲಶಾಹನ ಕಡೆ ಓಡಿಹೋದ, ಆದಿಲಶಾಹ ವಾಪಸು ಕೊಡಲಿಲ್ಲ. ಆದಿಲಶಾಹನ ಕೈಯಲ್ಲಿದ್ದ ರಾಯಚೂರಿನ ಮೇಲೆ ರಾಯರಿಗೆ ಮೊದಲಿಂದಲೂ ಕಣ್ಣಿತ್ತು, ಅದು ಬೇರೆ ವಿಷಯ. ಆದರೆ ಮೊದಲ ದೃಶ್ಯಕ್ಕೆ ಇದಕ್ಕಿಂತ ಒಳ್ಳೆ ಸಾಮಗ್ರಿ ಎಲ್ಲಿ ಸಿಗುತ್ತದೆ ಹೇಳಿ.

ಇನ್ನು 13,000ದ ಲೆಕ್ಕ. ಇದೂ ನೂನಿಜನದೇ. ಆದರೆ ಅವನು 13,000 ಅರಬ್ಬಿ ಕುದುರೆ ಅನ್ನಲಿಲ್ಲ. ಹರ್ಮುಜಿನ ಕುದುರೆಗಳೂ ನಾಡಕುದುರೆಗಳೂ ಸೇರಿ 13,000 ಅಂದ. ಹೇಳುವವರು ನಾಡಕುದುರೆಯನ್ನು ಮಧ್ಯದಲ್ಲಿ ನುಂಗಿಬಿಡುತ್ತಾರೆ. ಇದು ಸಣ್ಣ ತಪ್ಪಲ್ಲ, ನಿಮ್ಮ ರಾವುತನ ಕುದುರೆ ಸಿಗುವುದು ಈ ನುಂಗಿದ ಭಾಗದಲ್ಲೇ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೂರನೇ ಮಾತು, ನಮ್ಮವರಿಗೆ ಕುದುರೆ ಸಾಕಲು ಬರುತ್ತಿರಲಿಲ್ಲ ಅನ್ನುವುದು. ಇದು ಮಾರ್ಕೋ ಪೋಲೋನಿಂದ ಹಿಡಿದು ಬಂದದ್ದು. ಅವನು 13ನೇ ಶತಮಾನದ ಕೊನೆಯಲ್ಲಿ ತಮಿಳುನಾಡಿನ ತೀರದ ಬಗ್ಗೆ ಬರೆಯುತ್ತಾ, ರಾಜ ವರ್ಷಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಕುದುರೆ ಕೊಳ್ಳುತ್ತಾನೆ, ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ, ನೋಡಿಕೊಳ್ಳುವವರು ಇಲ್ಲ, ಲಾಳದವರನ್ನು ವ್ಯಾಪಾರಿಗಳು ಬರಲು ಬಿಡುವುದಿಲ್ಲ ಅನ್ನುತ್ತಾನೆ. ವ್ಯಾಪಾರಿಗಳು ಒಳಗೊಳಗೇ ಖುಷಿಪಟ್ಟಿರಬಹುದು, ಸತ್ತಷ್ಟೂ ಮಾರಾಟ. ಆದರೆ ಲಾಳ ಇಲ್ಲದೆ ಕುದುರೆ ಸಾಯುತ್ತದೆ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಣ ನೆಲದಲ್ಲಿ ಓಡಾಡುವ ಕುದುರೆಯ ಗೊರಸು ತಾನಾಗಿಯೇ ಗಟ್ಟಿಯಾಗುತ್ತದೆ. ಲಾಳ ಇಲ್ಲದಿದ್ದರೆ ಕುಂಟಬಹುದು, ಗೊರಸು ಸವೆಯಬಹುದು. ಸಾವಿರಗಟ್ಟಲೆ ಸಾಯುವುದಿಲ್ಲ.

ವಿದ್ಯೆ ಇರಲಿಲ್ಲ ಅನ್ನುವುದೂ ನಿಲ್ಲುವ ಮಾತಲ್ಲ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಹೊತ್ತಿಗೆ ಬರೆಸಿದ ಮಾನಸೋಲ್ಲಾಸದಲ್ಲಿ ಯಾವ ದೇಶದ ಕುದುರೆ ಹೇಗಿರುತ್ತದೆ ಅನ್ನುವುದರಿಂದ ಹಿಡಿದು ಕುದುರೆ ಮೇಲೆ ಕೂತು ಕೋಲಿನಲ್ಲಿ ಚೆಂಡು ಹೊಡೆಯುವ ಆಟದವರೆಗೆ ಎಲ್ಲ ಇದೆ. ಶಾಲಿಹೋತ್ರನ ಹೆಸರಿನ ಕುದುರೆ ವೈದ್ಯದ ಗ್ರಂಥ ನಮ್ಮಲ್ಲಿ ಎಷ್ಟು ಹೆಸರುವಾಸಿಯಾಗಿತ್ತು ಅಂದರೆ ಬಹಮನಿ ಆಸ್ಥಾನದಲ್ಲಿ ಅದನ್ನು ಪಾರ್ಸಿಗೆ ಮಾಡಿಸಿಕೊಂಡರು. ಹೊಯ್ಸಳರ ಗುಡಿಗಳ ಕೆಳಪಟ್ಟಿಯ ಸವಾರರನ್ನು ಹತ್ತಿರ ಹೋಗಿ ನೋಡಿ, ಕಾಲು ರಿಕಾಪಿನಲ್ಲಿದೆ, ಅಂದರೆ ಸವಾರ ಪಾದ ಇಡುವ ಬಳೆಯಲ್ಲಿ. ಅಷ್ಟೇ ಏಕೆ, ರಿಕಾಪು, ಜೀನು, ಲಗಾಮು ಅನ್ನುವ ಪಾರ್ಸಿ ಪದಗಳು ಬರುವ ಮೊದಲೇ ಕನ್ನಡದಲ್ಲಿ ಅಂಕವಣಿ, ಹಲ್ಲಣ, ವಾಘೆ ಇದ್ದವು. ಕುದುರೆಗೆ ಹೊರಿಸುವ ಹಲ್ಲಣವನ್ನು ತಾವೇ ಹೊತ್ತು ತಿರುಗುವವರನ್ನು ಅಲ್ಲಮ 12ನೇ ಶತಮಾನದಲ್ಲೇ ಗೇಲಿ ಮಾಡಿದ್ದಾನೆ. ಕುದುರೆಯ ಪರಿಚಯವೇ ಇಲ್ಲದ ಊರಿನಲ್ಲಿ ಆ ಗೇಲಿ ಯಾರಿಗೆ ಅರ್ಥವಾಗುತ್ತದೆ?

ಹಾಗಾದರೆ ಸತ್ತದ್ದು ಯಾಕೆ? ಇಲ್ಲಿ ನಾನು ಡಾಕ್ಟರಾಗಿ ಮಾತಾಡುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಮೊದಲನೆಯದು ಹಡಗು. ಕುದುರೆ ವಾಂತಿ ಮಾಡಲಾರದ ಪ್ರಾಣಿ, ಅದರ ಹೊಟ್ಟೆಯ ರಚನೆಯೇ ಹಾಗೆ. ಹೊಟ್ಟೆ ಕೆಟ್ಟರೆ ಶೂಲೆ, ಶೂಲೆ ಜೋರಾದರೆ ಸಾವು. ಅಲ್ಲದೆ ಕುದುರೆಗೆ ಆಗಾಗ ತಲೆ ಕೆಳಗೆ ಹಾಕಿ ಶ್ವಾಸನಾಳ ಸ್ವಚ್ಛ ಮಾಡಿಕೊಳ್ಳಬೇಕು. ತಲೆ ಎತ್ತಿ ಕಟ್ಟಿ ತುಂಬಾ ಹೊತ್ತು ನಿಲ್ಲಿಸಿದರೆ ಮೂಗು ಗಂಟಲಿನ ಕೀಟಾಣು ಕೆಳಗಿಳಿದು ಶ್ವಾಸಕೋಶ ಹಿಡಿಯುತ್ತದೆ. ಇವತ್ತು ಲಾರಿಯಲ್ಲಿ ಎರಡು ದಿನ ಸಾಗಿಸಿದ ಕುದುರೆಗೇ ಇದು ಬರುತ್ತದೆ, ಇಳಿಸಿದ ಮೂರನೇ ದಿನ ಜ್ವರ, ಮೇವು ಬಿಡುತ್ತದೆ, ಕೆಮ್ಮು. ಆ ಕಾಲದಲ್ಲಿ ವಾರಗಟ್ಟಲೆ ಮರದ ಹಡಗಿನಲ್ಲಿ, ಅಳೆದು ಕೊಟ್ಟ ನೀರಿನಲ್ಲಿ, ತನ್ನ ಗಂಜಲದ ಹಬೆಯಲ್ಲೇ ನಿಂತು ಬಂದ ಕುದುರೆ ಭಟ್ಕಳದಲ್ಲಿ ಇಳಿಯುವಾಗ ಕಣ್ಣಿಗೆ ಚೆನ್ನಾಗಿಯೇ ಕಾಣಬಹುದು. ಸಾವು ಆಗಲೇ ಎದೆಯೊಳಗೆ ಹತ್ತಿರುತ್ತದೆ. ಅಲ್ಲಿಂದ ಘಟ್ಟ ಹತ್ತಿ ಹಂಪಿಗೆ 300 ಕಿಲೋಮೀಟರಿನಷ್ಟು ನಡೆಯಬೇಕು ಬೇರೆ.

ಎರಡನೆಯದು ಹವೆ. ಹರ್ಮುಜ್ ಕಡೆ ಸೆಖೆ ಇಲ್ಲವಾ ಅಂತ ಕೇಳಬಹುದು. ಇದೆ, ಆದರೆ ಆ ಕುದುರೆಗಳು ಹುಟ್ಟಿ ಬೆಳೆದದ್ದು ಅರಬ್ಬಿ, ಇರಾನಿನ ಒಣ ಒಳನಾಡಿನಲ್ಲಿ. ಒದ್ದೆ ಸೆಖೆಗೆ ಬಂದ ಕೆಲವು ಕುದುರೆಗಳು ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಮೈ ಒಣಗಿ ಕಾವಲಿಯ ಹಾಗೆ ಕಾಯುತ್ತದೆ, ಏದುಸಿರು, ನೂರು ಹೆಜ್ಜೆ ಓಡಿಸಿದರೆ ಕುಸಿಯುತ್ತದೆ. ರೇಸ್ ಲಾಯದವರಿಗೆ ಇದು ಹಳೆಯ ಪರಿಚಯ. ಮಳೆಗಾಲಕ್ಕೆ ಕಚ್ಚುವ ದಪ್ಪ ನೊಣಗಳು ಬರುತ್ತವಲ್ಲ, ಅವು ಸರ್ರಾ ಅನ್ನುವ ರೋಗ ಹರಡುತ್ತವೆ. ಬಿಟ್ಟು ಬಿಟ್ಟು ಜ್ವರ, ಕಾಲು ಹೊಟ್ಟೆ ಊತ, ತಿನ್ನುತ್ತಲೇ ಸೊರಗುತ್ತದೆ, ಕೊನೆಗೆ ಬೀಳುತ್ತದೆ. ಔಷಧಿ ಇಲ್ಲದಿದ್ದರೆ ಕುದುರೆ ಉಳಿಯುವುದು ಕಷ್ಟ. ಆ ರೋಗಾಣು ಯಾವುದು ಅಂತ ಗ್ರಿಫಿತ್ ಎವಾನ್ಸ್ ಅನ್ನುವ ಪಶುವೈದ್ಯ ಪಂಜಾಬಿನಲ್ಲಿ ಕಂಡುಹಿಡಿದದ್ದೇ 1880ರಲ್ಲಿ. ವಿಜಯನಗರದ ಲಾಯದವನು ಏನು ಮಾಡಬೇಕಿತ್ತು ಪಾಪ?

ಮೂರನೆಯದು ಮೇವು. ಇಲ್ಲಿ ಮಾತ್ರ ವಿದೇಶಿಯರ ದೂರಿನಲ್ಲಿ ಹುರುಳಿದೆ. ನಿಜವಾದ ಹುರುಳಿಯೂ ಇದೆ ಅನ್ನಿ! ಬೇಯಿಸಿದ ಹುರುಳಿ, ಕಡಲೆ ಕೊಡುತ್ತಿದ್ದದ್ದು ಸರಿಯಾದ ಪದ್ಧತಿ, ನಾನೂ ಕೊಡಿಸಿದ್ದೇನೆ. ಆದರೆ ವಸ್ಸಾಫ್ ಬರೆಯುತ್ತಾನೆ, ಹುರಿದ ಬಾರ್ಲಿ, ಬೆಣ್ಣೆ ಹಾಕಿದ ಧಾನ್ಯ, ಕಾಯಿಸಿದ ಹಸುವಿನ ಹಾಲು ಕೊಟ್ಟು, ನಲವತ್ತು ದಿನ ಗೂಟಕ್ಕೆ ಬಿಗಿದು ಕೊಬ್ಬಿಸುತ್ತಾರೆ ಅಂತ. ಬೀದರಿಗೆ 1470ರ ಆಸುಪಾಸಿನಲ್ಲಿ ಬಂದ ರಷ್ಯದ ಅಫನಾಸಿ ನಿಕಿತಿನ್, ತಾನೇ ಒಂದು ಕುದುರೆ ಮಾರಲು ತಂದವನು, ಸಕ್ಕರೆ ಎಣ್ಣೆ ಹಾಕಿದ ಕಿಚಡಿ ತಿನ್ನಿಸುತ್ತಾರೆ ಅನ್ನುತ್ತಾನೆ. ಪ್ರೀತಿಯಿಂದಲೇ ಮಾಡಿದ್ದು, ಅನುಮಾನ ಇಲ್ಲ. ಮನೆಗೆ ಬಂದ ಅಳಿಯನಿಗೆ ಮಾಡುವ ಉಪಚಾರದ ಹಾಗೆ. ಆದರೆ ಕುದುರೆ ಹುಲ್ಲು ತಿನ್ನಲು ಹುಟ್ಟಿದ ಪ್ರಾಣಿ. ಕಾಳು ಧಾನ್ಯ ಜಾಸ್ತಿಯಾಗಿ ಮೈಗೆ ಕೆಲಸ ಇಲ್ಲದಿದ್ದರೆ ಕರುಳಿನಲ್ಲಿ ಹುಳಿ ಏರಿ, ಅದರ ವಿಷ ಗೊರಸಿಗೆ ಇಳಿಯುತ್ತದೆ. ಗೊರಸಿನ ಒಳಗೆ ಉರಿ, ಕುದುರೆ ಕಾಲು ಊರಲಾರದು. ಇನ್ನೊಂದಿದೆ, ನಾಲ್ಕು ದಿನ ತಿನ್ನಿಸಿ ನಿಲ್ಲಿಸಿ ಐದನೇ ದಿನ ದೌಡಾಯಿಸಿದರೆ ತೊಡೆಯ ಸ್ನಾಯು ಕಲ್ಲಾಗಿ ಅಲ್ಲೇ ನಿಂತುಬಿಡುತ್ತದೆ, ಕಾಫಿ ಬಣ್ಣದ ಮೂತ್ರ ಹೋಗುತ್ತದೆ. ವಸ್ಸಾಫ್ ಹೇಳುವ ಹಾಗೆ ಚುರುಕಾದ ಕುದುರೆ ಸ್ವಲ್ಪ ದಿನದಲ್ಲೇ ಮಂದವಾಗಿ ಕೆಲಸಕ್ಕೆ ಬಾರದ್ದಾಗುತ್ತಿದ್ದದ್ದು ನನಗೆ ಈ ಕಾಯಿಲೆಗಳ ಹಾಗೇ ಕಾಣುತ್ತದೆ.

ಆದರೂ ಲಾಯದವನನ್ನು ಬಯ್ಯುವ ಮೊದಲು ಅವನ ಕಷ್ಟ ನೋಡಿ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ ಎಂಟು ಹತ್ತು ಕಿಲೋ ಒಣಮೇವು ಬೇಕು. ಹಂಪಿಯ ಸುತ್ತ ಬಂಡೆ, ಕೆಳಗೆ ನದಿಯ ಪಕ್ಕ ಗದ್ದೆ. ಹಸಿ ಹುಲ್ಲು ಮಳೆಗಾಲದ ಮೂರು ತಿಂಗಳ ಮಾತು, ಆಮೇಲೆ ಒಣ ಮೇವು, ಅದಕ್ಕೂ ಎತ್ತುಗಳ ಜೊತೆ ಪೈಪೋಟಿ. ಹುಲ್ಲು ಸಾಲದ ಕಡೆ ಕಾಳಿನಿಂದ ಹೊಟ್ಟೆ ತುಂಬಿಸುವುದು ಬಿಟ್ಟು ಬೇರೆ ದಾರಿ ಏನಿತ್ತು.

ಇಲ್ಲೇ ಮರಿ ಮಾಡಿಸಬಹುದಿತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ, ನಿಮ್ಮ ಹುಡುಗ ಕೇಳಿದ್ದೂ ಸುತ್ತಿಬಳಸಿ ಅದನ್ನೇ. ದಕ್ಷಿಣದ ನೆಲದಲ್ಲಿ ಒಳ್ಳೆ ಕುದುರೆ ಹುಟ್ಟುವುದೇ ಇಲ್ಲ ಅನ್ನುವುದು ಸುಳ್ಳು. ಟಿಪ್ಪು ಕಾಲದಲ್ಲಿ ದಂಡಿನ ಕುದುರೆಗಾಗಿ ಶುರುವಾದ ಕುಣಿಗಲ್ ಸ್ಟಡ್ ಫಾರ್ಮೇ ಸಾಕ್ಷಿ, ಅಲ್ಲಿ ಹುಟ್ಟಿದವು ರೇಸ್ ಗೆದ್ದಿವೆ. ಆದರೆ ಅದಕ್ಕೆ ಬೇಲಿ ಹಾಕಿದ ನೂರಾರು ಎಕರೆ ಹುಲ್ಲು, ಒಳ್ಳೆ ಹೆಣ್ಣು ಕುದುರೆಗಳು, ಮತ್ತು ತಾಳ್ಮೆ ಬೇಕು. ಅರಬರು ಒಳ್ಳೆ ಹೆಣ್ಣು ಕುದುರೆಯನ್ನು ಮನೆಮಗಳ ಹಾಗೆ ಇಟ್ಟುಕೊಳ್ಳುತ್ತಿದ್ದರು, ಮಾರುತ್ತಿದ್ದದ್ದು ಹೆಚ್ಚಾಗಿ ಗಂಡು. ಗಬ್ಬ 11 ತಿಂಗಳು, ಮರಿ ಸವಾರಿಗೆ ಬರಲು ಮೂರು ನಾಲ್ಕು ವರ್ಷ. ಈ ವರ್ಷ ಗಡಿಯಲ್ಲಿ ದಂಡು ನಿಂತಿರುವಾಗ ಯಾವ ರಾಜ ಐದು ವರ್ಷ ಕಾಯುತ್ತಾನೆ? ಕೊಂಡರೆ ಕುದುರೆ ಸಾಯುವ ಅಪಾಯ, ಸಾಕಿದರೆ ಅಷ್ಟರಲ್ಲಿ ರಾಜ್ಯವೇ ಹೋಗುವ ಅಪಾಯ. ಅವರು ಕೊಂಡರು. ದೀಪದ ಎಣ್ಣೆ ಬತ್ತಿದ ಹಾಗೆಲ್ಲ ಮತ್ತೆ ಸುರಿಯುವಂತೆ ಕೊಳ್ಳುತ್ತಲೇ ಹೋದರು. ಅವರ ಪಾಲಿಗೆ ಪರದೇಶದ ಕುದುರೆ ಸಾಕುವ ಪ್ರಾಣಿ ಆಗಿರಲಿಲ್ಲ, ಮದ್ದುಗುಂಡಿನ ಹಾಗೆ ಖರ್ಚಾಗುವ ಸರಕು. ನಿಮ್ಮ ಹುಡುಗನಿಗೆ ಹೇಳಿ, ಬಹುಪಾಲು ಕುದುರೆಗಳಿಗೆ ಮೊಮ್ಮಕ್ಕಳು ಇರಲಿ, ಮಕ್ಕಳೂ ಆಗಲಿಲ್ಲ. ಉಳಿದ ಕೆಲವು ನಾಡಕುದುರೆಯ ರಕ್ತದಲ್ಲಿ ಸೇರಿಹೋದವು. ಜಾತ್ರೆಯಲ್ಲಿ ಕಾಣುವ ಗಿಡ್ಡ ತಟ್ಟುವಿನ ಮುಖ ಕೆಲವೊಮ್ಮೆ ಎಲ್ಲೋ ಅರಬ್ಬಿ ಛಾಯೆ ತೋರಿಸಿಬಿಡುತ್ತದೆ, ನನಗೆ ಹಾಗನ್ನಿಸಿದ್ದುಂಟು.

ಈಗ ನಿಮ್ಮ ರಾವುತ. ಬಿಳಿ ಅರಬ್ಬಿ ಕುದುರೆ ಬೇಡ ಅಂತ ನಾನು ಹೇಳುವುದಿಲ್ಲ, ಆದರೆ ಬೆಲೆ ಲೆಕ್ಕ ಹಾಕಿ. ಒಂದಕ್ಕೆ 300 ವರಾಹದ ಮೇಲೆ. ರೈತರ ಹುಡುಗನಿಗೆ ಅದು ಸಿಗಬೇಕಾದರೆ ಕಥೆಯಲ್ಲಿ ಬಲವಾದ ಕಾರಣ ಬೇಕು. ಇನ್ನೊಂದು, ಬಿಳಿ ಕುದುರೆ ಹುಟ್ಟುವಾಗಲೇ ಬಿಳಿ ಇರುವುದಿಲ್ಲ, ಕಪ್ಪಗೋ ಕಂದಾಗಿಯೋ ಹುಟ್ಟಿ ವಯಸ್ಸಾಗುತ್ತಾ ಬೆಳ್ಳಗಾಗುತ್ತದೆ. ಹಾಲಿನಂಥ ಬಿಳಿ ಅಂದರೆ ಸಾಮಾನ್ಯವಾಗಿ ಎಳೆಯ ವಯಸ್ಸು ದಾಟಿದ ಕುದುರೆ. ಎಳೆಯ ಬಿಸಿರಕ್ತದ ಕುದುರೆ ಬೇಕಾದರೆ ಬೂದು ಬಣ್ಣ ಅನ್ನಿ. ಬೇಕಿದ್ದರೆ ಅರಬ್ಬಿ ಕುದುರೆಯನ್ನು ಯುದ್ಧದ ನಂತರ ಕೊಡಿ. ರಾಯಚೂರಿನಲ್ಲಿ ಹರ್ಮುಜಿನ 4,000 ಕುದುರೆ ರಾಯರ ಕೈಗೆ ಸಿಕ್ಕವು ಅಂತ ನೂನಿಜ್ ಬರೆದಿದ್ದಾನೆ. ಅವನ ಅಂಕಿಗಳೆಲ್ಲ ಸ್ವಲ್ಪ ಧಾರಾಳ, ಆದರೂ ಲೂಟಿಯಲ್ಲಿ ಕುದುರೆ ಸಿಗುವುದು ನಂಬುವ ಮಾತು. ಅಪಾಯ ಇಷ್ಟೇ, ಒಳ್ಳೆಯದನ್ನೆಲ್ಲ ಅರಮನೆಯೇ ಎತ್ತಿಕೊಳ್ಳುತ್ತಿತ್ತು.

ನನ್ನನ್ನು ಕೇಳಿದರೆ ಅವನಿಗೆ ನಾಡಕುದುರೆ ಕೊಡಿ. ಗಿಡ್ಡ, ಒರಟು ಕೂದಲು, ಒಣಮೇವು ತಿಂದು ಬದುಕುವ ಜಾತಿ. ನೂನಿಜ್ ಇದನ್ನೂ ಬರೆದಿದ್ದಾನೆ. ನಿಮ್ಮ ನಾಟಕಕ್ಕಿಂತ ಹದಿನೈದು ವರ್ಷ ಆಮೇಲಿನ ಮಾತು, ಆದರೆ ಒಂದೇ ತಲೆಮಾರು. ರಾಜ ಸೈನಿಕರಿಗೆ ಕೊಡುತ್ತಿದ್ದದ್ದು ಹೆಚ್ಚಾಗಿ ಇಂಥ ಕುದುರೆಗಳನ್ನೇ, ಸಾವಿರ ವರಾಹಕ್ಕೆ ಹನ್ನೆರಡೋ ಹದಿನೈದೋ ಬರುವಂಥವು. ಪ್ರತಿಯೊಂದಕ್ಕೂ ರಾಜಮುದ್ರೆಯ ಬರೆ ಹಾಕುತ್ತಿದ್ದರು. ಕುದುರೆ ಸತ್ತರೆ ರಾವುತ ಆ ಮುದ್ರೆ ಇರುವ ಚರ್ಮದ ತುಂಡನ್ನು ಕುಯ್ದು ತೆಗೆದುಕೊಂಡು ಲಾಯದ ದೊಡ್ಡ ಅಧಿಕಾರಿಗೆ ಒಪ್ಪಿಸಬೇಕು. ಆಗ ಮಾತ್ರ ಇನ್ನೊಂದು ಕುದುರೆ.

ಆ ದೃಶ್ಯ ಬರೆಯಿರಿ ಟೀಚರ್. ಮಕ್ಕಳು ಚೆನ್ನಾಗಿ ಮಾಡುತ್ತಾರೆ. ನನಗೆ ಅದು ಓದಿ ಗೊತ್ತಿರುವುದಲ್ಲ. ಒಂದು ಮಳೆಗಾಲದಲ್ಲಿ ಒಬ್ಬ ಮುದುಕ ಎಮ್ಮೆಯ ಕಿವಿಯನ್ನು ಹಳೇ ಪಂಚೆಯಲ್ಲಿ ಸುತ್ತಿ ಆಸ್ಪತ್ರೆಗೆ ತಂದಿದ್ದ. ಓಲೆಯ ನಂಬರು ಬರೆದುಕೊಂಡು, ಕಿವಿಯನ್ನು ಇಲ್ಲೇ ಬಿಟ್ಟು ಹೋಗಪ್ಪ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದು, "ನಂಬರ್ ಬರ್ಕೊಂಡ್ರಲ್ಲ ಸಾಮಿ, ಇದ್ನ ಅದ್ರ ಜೊತೇಲೇ ಹೂಳ್ತೀನಿ" ಅಂತ ಮತ್ತೆ ಪಂಚೆಯಲ್ಲಿ ಸುತ್ತಿಕೊಂಡು ಹೊರಟುಹೋದ.